ಕೈಗುಣ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಯಾರೆಂದು ಒಳಗಿದ್ದವರು ಕೇಳಲಿಲ್ಲ. ಟೀವಿ ನೋಡುತ್ತಿದ್ದ ಮಗ ಅಕ್ರಮ ಅದರ ಸದ್ದು ತಗ್ಗಿಸಿದ. ಮರುದಿನದ ಬುತ್ತಿಗೆಂದು ರೊಟ್ಟಿ ಬಡಿಯುತ್ತಿದ್ದ ಹುಸೇನಬಿ ಕೈ ನಿಲ್ಲಿಸಿ ಒಲೆಯ ಉರಿ ಸಣ್ಣದು ಮಾಡಿದಳು. ಮಗಳು ನಿಖತ ಮಾತ್ರ ಎದ್ದು ನಿಂತಳು. ಎರಡೂ ಕೈಗಳ ಬಳೆಗಳನ್ನು ಒಂದೊಂದಾಗಿ ಕಳಚಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ನಾಳಿ ಸಂಜೀಕ ಹುಡುಗಿ ಮುಂಬಯಿ ಬಸ್ಸ ಹತ್ತಬೇಕು. ಇವತ್ತೊಂದ ರಾತ್ರಿ ಬಿಡ್ರಿ ಅಕೀನ್ನ,” ಎಂದಳು ಹುಸೇನಬಿ, ಗಂಡನ ಕಡೆ ತಿರುಗದೆ.

“ಇದ ಕಡೀದು,” ಎಂದು ಮಶಾಕಸಾಬ ಔಷಧದ ಚೀಲ ತರಲು ಒಳಕೋಣೆಗೆ ಹೋದ.

ಅಕ್ರಮ ಬಾಗಿಲು ತೆರೆದ. ಇಟ್ಟಂಗಿಹಾಳದ ಖಂಡಪ್ಪ ನಿಂತಿದ್ದ; ಅವನ ಹಿಂದೆ ರಸ್ತೆಯಲ್ಲಿ ಟಂಟಂ ಗಾಡಿಯ ಇಂಜಿನ್ನು ಆರದೆ ಗುಡುಗುತ್ತಿತ್ತು.

“ಸಾಬ್ರ ಅದಾರಿಲ್ಲೊ? ಎಮ್ಮಿ ಹೊತ್ತು ಮುಳುಗಿದಾಗಿಂದ ಬ್ಯಾನಿ ತಿನ್ನಾಕತ್ತೈತಿ. ಒಂದ ಕಾಲ ಹೊರಗ ಬಂದೈತಿ, ಇನ್ನೊಂದರ ಸುಳುವಿಲ್ಲ. ಡಾಕ್ಟರು ರಜಾದ ಮ್ಯಾಲ ಊರಿಗಿ ಹೋಗ್ಯಾರಂತ. ಲಗೂ ಏಳಸೋ ತಮ್ಮಾ!”

ಮಶಾಕಸಾಬ ಡಾಕ್ಟರನಲ್ಲ. ತಿಕೋಟಾದ ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಜವಾನನಾಗಿದ್ದು ಹೋದ ಮಾರ್ಚಿಯಲ್ಲಿ ನಿವೃತ್ತನಾದವನು. ಆದರೆ ಇಟ್ಟಂಗಿಹಾಳದಿಂದ ಮಮದಾಪುರದವರೆಗೆ, ದನ ಕಟ್ಟಿದ ಯಾವ ಮನೆಯಲ್ಲಿ ಕೇಳಿದರೂ ಒಂದೇ ಮಾತು: ಸಾಬರ ಕೈಗುಣ ದೊಡ್ಡದು. ಕೈಗುಣವನ್ನು ಯಾವ ಕಾಲೇಜೂ ಕೊಡುವುದಿಲ್ಲ, ಯಾವ ಸರಕಾರವೂ ನಿವೃತ್ತಿಗೊಳಿಸುವುದಿಲ್ಲ ಎಂದು ಜನ ನಂಬಿದ್ದರು.

ಆ ಜನಕ್ಕೆ ತಿಳಿಯದ ಸಂಗತಿಯೊಂದು ಈ ಮನೆಯ ನಾಲ್ವರಿಗೆ ತಿಳಿದಿತ್ತು. ಎರಡು ವರ್ಷಗಳಿಂದ ಮಶಾಕಸಾಬನ ಬಲಗೈ ನಡುಗುತ್ತಿತ್ತು. ಚಹಾದ ಬಸಿಯೂ ಅದರಲ್ಲಿ ನಿಲ್ಲುತ್ತಿರಲಿಲ್ಲ. ಅಂದಿನಿಂದ ಹೊಲಿಗೆ ಹಾಕಿದ್ದು, ಸೂಜಿ ಚುಚ್ಚಿದ್ದು, ಕರು ಎಳೆದದ್ದು ಎಲ್ಲವೂ ನಿಖತಳ ಕೈ. “ಮಗಳ ಕೈ ಸಣ್ಣದು, ಒಳಗ ಸಲೀಸ ಹೋಗತೈತಿ,” ಎಂದು ಅವನು ಜನರಿಗೆ ಹೇಳುತ್ತಿದ್ದ. ಪಕ್ಕದಲ್ಲಿ ನಿಂತು, ಎರಡೂ ಕೈ ಹಿಂದೆ ಕಟ್ಟಿಕೊಂಡು, ದೊಡ್ಡ ದನಿಯಲ್ಲಿ ಹೇಳಿಕೊಡುತ್ತಿದ್ದ.

ಟಂಟಂ ಅಥಣಿ ರಸ್ತೆ ಹಿಡಿದು ಪೂರ್ವಕ್ಕೆ ಓಡಿತು. ಹಿಂದಿನ ಹಲಗೆಯ ಮೇಲೆ ಕುಳಿತ ನಿಖತ ತನ್ನ ಮೂರು ಸೀಟುಗಳನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಸಾಲಿಗಿಟ್ಟಳು. ಅಖಿಲ ಭಾರತದ ಪಟ್ಟಿಯಲ್ಲಿ ಮುಂಬಯಿ: ಮಂಗಳವಾರ ಸಂಜೆ ಐದರೊಳಗೆ ಹಾಜರಾಗಬೇಕು. ಬೇರೊಂದು ಪಟ್ಟಿಯಲ್ಲಿ ಪುದುಚೇರಿ: ಬುಧವಾರ ಕೊನೆ. ರಾಜ್ಯದ ಪಟ್ಟಿಯಲ್ಲಿ ಅಥಣಿ: ಶುಕ್ರವಾರದವರೆಗೆ ಸಮಯವಿದೆ. ಮೂರೂ ಕಡೆ ಪಶುವೈದ್ಯ ಪದವಿಯೇ. ಮೂರಕ್ಕೂ ಬೇಕಾದದ್ದು ಮೂಲ ಅಂಕಪಟ್ಟಿ, ಮೂಲ ವರ್ಗಾವಣೆ ಪತ್ರ. ಅವು ಇರುವುದು ಒಂದೊಂದೇ ಪ್ರತಿ. ಒಂದು ಕಾಲೇಜಿನ ಮೇಜಿನ ಮೇಲೆ ಇಟ್ಟರೆ ಉಳಿದೆರಡರ ಬಾಗಿಲು ಮುಚ್ಚಿದಂತೆ.

ಅಥಣಿ ಎಂದರೆ ಮನೆಯೆದುರಿಗೇ ನಿಲ್ಲುವ ಬಸ್ಸು. ಮುಂಜಾನೆ ಹೋಗಿ ಸಂಜೆಗೆ ಮರಳಬಹುದು. ಸಂಜೆಗೆ ಮರಳಿದವಳು ರಾತ್ರಿ ಮನೆಯಲ್ಲೇ ಇರುತ್ತಾಳೆ. ರಾತ್ರಿ ಇದ್ದವಳು ಬಳೆ ಕಳಚಬೇಕಾಗುತ್ತದೆ. ಐದೂವರೆ ವರ್ಷ ಓದಿ ಡಾಕ್ಟರಾದರೂ ಈ ಸೀಮೆಯಲ್ಲಿ ಅವಳು ಸಾಬರ ಮಗಳ ಸಣ್ಣ ಕೈಯಾಗಿಯೇ ಉಳಿಯುತ್ತಾಳೆ. ಪುದುಚೇರಿಯ ಭಾಷೆ ಬಾರದು, ಶುಲ್ಕವೂ ಹೆಚ್ಚು. ಆದ್ದರಿಂದ ಮುಂಬಯಿ ಎಂದು ಅವಳು ನಿಶ್ಚಯಿಸಿದ್ದಳು. ಆಶ್ಚರ್ಯವೆಂದರೆ, ಆ ಮಾತನ್ನು ಮನೆಯಲ್ಲಿ ಮೊದಲು ಆಡಿದವನು ಮಶಾಕಸಾಬನೇ.

ಕೊಟ್ಟಿಗೆಯಲ್ಲಿ ಹತ್ತು ಜನ ಮೊಬೈಲಿನ ಬೆಳಕು ಹಿಡಿದು ನಿಂತಿದ್ದರು. ಎಮ್ಮೆ ಕುತ್ತಿಗೆ ಚಾಚಿ ಮಲಗಿತ್ತು. ಖಂಡಪ್ಪನ ಹೆಂಡತಿ ಭೀಮಾಬಾಯಿ ಬಿಸಿನೀರು, ಸಾಬೂನು ತಂದಿಟ್ಟಳು. ನಿಖತ ತೋಳು ತೊಳೆದು ಹಗ್ಗ ತೆಗೆಯಲು ಚೀಲಕ್ಕೆ ಕೈ ಹಾಕಹೋದಾಗ, ಮಶಾಕಸಾಬ ಅದನ್ನು ತನ್ನ ಬಗಲಿಗೆ ಎಳೆದುಕೊಂಡು ತಾನೇ ಹಗ್ಗ ತೆಗೆದುಕೊಟ್ಟ.

“ಕೈಗಿ ಏನ ಹತ್ತಿತು?”

“ಮೊಣಕಾಲ ಮಡಚೈತಿ, ಅಬ್ಬಾ. ತಲಿ ನೆಟ್ಟಗೈತಿ.”

“ಬ್ಯಾನಿ ನಿಂತಾಗ ಕರ ಹಿಂದಕ ನೂಕು. ಗೊರಸ ಮುಷ್ಟಿಯಾಗ ಮುಚ್ಚಿ ಹಿಡಿ. ಗರ್ಭ ಹರೀಬಾರದು.”

“ಗೊತ್ತೈತಿ,” ಎಂದಳು ನಿಖತ ಹಲ್ಲು ಕಚ್ಚಿ. ಭುಜದವರೆಗೆ ಒಳಗಿದ್ದ ತೋಳನ್ನು ಎಮ್ಮೆಯ ಒಂದೊಂದು ಬೇನೆಯೂ ಹಿಂಡುತ್ತಿತ್ತು. ಮೂರನೆಯ ಸಲಕ್ಕೆ ಗೊರಸು ಅಂಗೈಯೊಳಗೆ ಬಂತು. ಅವಳು ಮೆಲ್ಲನೆ ಅದನ್ನು ಮುಂದಕ್ಕೆ ತಿರುಗಿಸಿದಳು, ಹಗ್ಗದ ಕುಣಿಕೆ ಏರಿಸಿದಳು. ಆಮೇಲೆ ಎಳೆಯುವುದಷ್ಟೇ ಉಳಿದಿತ್ತು.

ಕರು ಬಿದ್ದು, ಮೂಗಿಗೆ ಹುಲ್ಲಿನ ಕಡ್ಡಿ ತಾಗಿ ಸೀನಿದಾಗ ರಾತ್ರಿ ಎರಡು ಗಂಟೆ ಮೀರಿತ್ತು.

“ಕೈಗುಣ ಅಂದ್ರ ಇದು!” ಎಂದು ಖಂಡಪ್ಪ ಹೊಸ ಟವೆಲು ತಂದು ಮಶಾಕಸಾಬನಿಗೆ ಹೊದಿಸಿದ. ನಿಖತಳಿಗೆ ಭೀಮಾಬಾಯಿ ಕೈ ತೊಳೆಯಲು ನೀರು ಹಾಕಿದಳು.

“ಮುಂಬಯಿಗಿ ಹೊಂಟೀಯಂತಲ್ಲವ್ವಾ? ಅಲ್ಲಿ ಎಮ್ಮಿ ಎಲ್ಲಿ ಅದಾವ? ಸಾವಕಾರ ಹೆಣ್ಣಮಕ್ಕಳ ನಾಯಿಗೋಳಿಗಿ ನೆಗಡಿ ಬಂದ್ರ ಮೂಗ ಒರಸಕೋತ ಕುಂದರತೀಯೇನ?”

ಎಲ್ಲರೂ ನಕ್ಕರು. ಮಶಾಕಸಾಬ ನಗಲಿಲ್ಲ. “ಈ ಊರ ಸಗಣಿ ಬಾಚಿದ್ದು ಅಕಿಗಿ ಸಾಕು ಬೇ, ಭೀಮಾಬಾಯಿ. ನನ್ನ ಮಗಳು ಮುಂಬಯಿಗೇ ಹೋಗತಾಳ,” ಎಂದ. ಅವನ ದನಿಯಲ್ಲಿದ್ದ ಹೆಮ್ಮೆಗೆ ನಿಖತಳ ಕಣ್ಣು ತುಂಬಿದವು.

ಎಮ್ಮೆಯ ಮಾಸು ಬೀಳುವವರೆಗೆ ಕಾದು, ಚಹಾ ಕುಡಿದು ಹೊರಟಾಗ ಮೂಡಲು ಬೆಳ್ಳಗಾಗುತ್ತಿತ್ತು. ತಿಕೋಟಾದ ಬಸ್‌ಸ್ಟ್ಯಾಂಡಿನ ಹತ್ತಿರ ಮಶಾಕಸಾಬ ಗಾಡಿ ನಿಲ್ಲಿಸಲು ಹೇಳಿ, ಚೀಲ ಬಗಲಲ್ಲಿಟ್ಟುಕೊಂಡೇ ಇಳಿದ. “ನೀ ಹೋಗಿ ಮಲಕೋ. ನಾ ಸ್ವಲ್ಪ ಕಾಲ ಜಾಡಿಸಿ ಬರತೇನಿ,” ಎಂದ. ಅವಳು ಕುಳಿತಲ್ಲೇ ತೂಕಡಿಸುತ್ತಿದ್ದಳು.

ಸೋಮವಾರ ಹತ್ತಕ್ಕೆ ಎದ್ದವಳು ಮೊದಲು ನೋಡಿದ್ದು ಒಳಕೋಣೆಯ ಮಂಚವನ್ನು. ಕಟ್ಟಿಟ್ಟ ಬ್ಯಾಗು ಹಾಗೆಯೇ ಇತ್ತು. ಅದರ ಮೇಲೆ ಇಟ್ಟಿದ್ದ ಹಸಿರು ಫೈಲು ಇರಲಿಲ್ಲ.

ಮಧ್ಯಾಹ್ನದೊಳಗೆ ಮನೆ ತಲೆಕೆಳಗಾಯಿತು. ಹುಸೇನಬಿ ಜೋಳದ ಚೀಲಗಳನ್ನು ಸುರುವಿದಳು. ಮಶಾಕಸಾಬ ಮೇವಿನ ಬಣವೆಯನ್ನೂ ಬಿಡಲಿಲ್ಲ; ಬೆವರು ಇಳಿಸುತ್ತ ಹುಡುಕಿದ. ಮುಂಬಯಿಯ ಕಾಲೇಜಿಗೆ ಫೋನು ಮಾಡಿದರೆ ಆಚೆಯ ಹೆಣ್ಣುದನಿ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿತು: ಅಂಕಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸಿದರೂ ನಡೆದೀತು, ವರ್ಗಾವಣೆ ಪತ್ರ ಮಾತ್ರ ಮೂಲದ್ದೇ ಬೇಕು. ಓದಿದ ಕಾಲೇಜಿನಲ್ಲಿ ಕೇಳಿದರೆ, ನಕಲು ಪ್ರತಿ ಬೇಕಾದರೆ ಪೊಲೀಸರಿಂದ ಕಳವಿನ ಪತ್ರ ತನ್ನಿ, ಇವತ್ತೇ ತಂದರೆ ನಾಳೆ ಮುಂಜಾನೆ ಕೊಟ್ಟೇವು ಎಂದರು.

ಹಾಗಾದರೆ ಮುಂಬಯಿ ಕೈತಪ್ಪಿದರೂ ಪುದುಚೇರಿಗೆ ಒಂದು ದಾರಿ ಉಳಿಯುತ್ತಿತ್ತು. ನಿಖತ ಚಪ್ಪಲಿ ಮೆಟ್ಟಿದಳು.

“ಪೊಲೀಸರ ಮುಂದ ಏನ ಹೇಳತಿ?” ಎಂದ ಮಶಾಕಸಾಬ ತಗ್ಗಿದ ದನಿಯಲ್ಲಿ. “ಕೀಲಿ ಮುರದಿಲ್ಲ, ಕದ ಮುರದಿಲ್ಲ. ರಾತ್ರಿ ನಾನೂ ನೀನೂ ಇಟ್ಟಂಗಿಹಾಳದಾಗ. ಮನಿಯಾಗ ಇದ್ದವರು ಇಬ್ಬರ. ಯಾರ ಹೆಸರ ಬರಸೂನು ಹೇಳು.”

ನಿಖತ ನಿಧಾನವಾಗಿ ಅಣ್ಣನ ಕಡೆ ತಿರುಗಿದಳು.

ಅಕ್ರಮ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟವನು. ಶನಿವಾರ ಜೆರಾಕ್ಸ್ ಮಾಡಿಸಲು ಅದೇ ಫೈಲನ್ನು ಒಯ್ದು ತಂದವನು. ವಾರದಿಂದ ಮನೆಯಲ್ಲಿ ಒಂದೇ ಸಮನೆ, ಅಥಣಿ ಸಾಕು, ಒಬ್ಬಾಕಿ ಹುಡುಗಿ ಅಷ್ಟ ದೂರ ಯಾಕ ಎಂದು ಗೊಣಗಿದವನೂ ಅವನೇ.

“ಹಂಗ ಯಾಕ ನೋಡಾಕತ್ತಿ?” ಎಂದ ಅಕ್ರಮ.

“ಎಲ್ಲಿ ಇಟ್ಟೀದಿ?”

“ಏ ಹುಚ್ಚಿ! ಅಥಣಿ ಸಾಕು ಅಂದೆ, ಹೌದು. ಅಂದಾಂವ ಕಳ್ಳನೇನ?”

“ಅಂದಾಂವಂದ ಕೆಲಸ ಇದು. ನಿನಗ ನನ್ನ ಹಾದಿ ಕಟ್ಟಬೇಕಾಗಿತ್ತು. ಕಟ್ಟೀದಿ.”

ಅಕ್ರಮನ ಮುಖ ಕಪ್ಪಿಟ್ಟಿತು. ಅವನು ತಾಯಿಯ ಕಡೆ ನೋಡಿದ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ತಂದೆಯ ಕಡೆ ನೋಡಿದ. “ಅಬ್ಬಾ, ನೀನರೆ ಹೇಳು. ನಾ ಮಾಡೇನೇನ ಇದನ್ನ?”

ಮಶಾಕಸಾಬ ನೆಲ ನೋಡುತ್ತಿದ್ದ. ನಡುಗುವ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದಿದ್ದ. “ಯಾರೂ ಯಾರಿಗೂ ಏನೂ ಅನಬ್ಯಾಡ್ರಿ,” ಎಂದ ಕೊನೆಗೆ. “ಮನಿ ಮಾನ ಮನಿಯಾಗ ಇರಲಿ. ಊರ ಮಂದಿಗಿ, ಬಳಗದವರಿಗಿ, ಯಾರಿಗೂ ಸುದ್ದಿ ಹೋಗಬಾರದು.”

ಆ ಉತ್ತರವನ್ನು ಅಕ್ರಮ ತೀರ್ಪೆಂದೇ ತಿಳಿದ. ಅವನ ಮೋಟರ್‌ಸೈಕಲ್ಲು ಹೊರಟ ಸದ್ದು ಕೇಳಿತು. ಅವನು ಸೋಮವಾರ ರಾತ್ರಿ ಮನೆಗೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ. ಅಂಗಡಿಯಲ್ಲೇ ಮಲಗುತ್ತಿದ್ದಾನೆಂದು ಯಾರೋ ಹೇಳಿದರು. ನಿಖತ ಪೊಲೀಸರ ಕಡೆ ಹೋಗಲಿಲ್ಲ. ಅಣ್ಣನ ಹೆಸರನ್ನು ಕಾಗದದ ಮೇಲೆ ಬರೆಸುವ ಧೈರ್ಯ ಅವಳಿಗೆ ಬರಲಿಲ್ಲ.

ಮಂಗಳವಾರ ಸಂಜೆ ಐದಕ್ಕೆ ಅವಳು ಮೊಬೈಲನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು. ಐದು ಹೊಡೆಯಿತು. ಏನೂ ಆಗಲಿಲ್ಲ, ಅಂಗಳದಲ್ಲಿ ಆಡು ಒಂದು ಸಲ ಕೂಗಿತು, ಅಷ್ಟೇ. ಬುಧವಾರವೂ ಹಾಗೆಯೇ ಮುಗಿಯಿತು. ಆ ಎರಡು ರಾತ್ರಿಗಳಲ್ಲಿ ಎರಡು ಸಲ ಕರೆ ಬಂತು, ಒಮ್ಮೆ ಆಕಳ ಹೊಟ್ಟೆಯುಬ್ಬರಕ್ಕೆ, ಇನ್ನೊಮ್ಮೆ ತಂತಿಗೆ ಸಿಕ್ಕು ಹರಿದ ಕೆಚ್ಚಲಿಗೆ. ಎರಡು ಸಲವೂ ಅವಳೇ ಹೋದಳು. ಮೂಕ ಜೀವದ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಕೆಚ್ಚಲಿಗೆ ಹೊಲಿಗೆ ಹಾಕುವಾಗ ಮಶಾಕಸಾಬ ಹಿಂದೆ ನಿಂತು, “ಹಂಗ, ಹಂಗ, ನನ್ನ ಹುಲಿ,” ಎನ್ನುತ್ತಿದ್ದ. ಆ ಮಾತಿನಲ್ಲಿದ್ದ ಪ್ರೀತಿ ಸುಳ್ಳಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಬೇಗನೆ ಎದ್ದು ಒಗೆದ ಅಂಗಿ ಹಾಕಿಕೊಂಡ. “ವಿಜಯಪುರಕ್ಕ ಹೋಗಿ ಅಕ್ರಮನ್ನ ಕರಕೊಂಡ ಬರತೇನಿ,” ಎಂದ. “ಹತ್ತರೊಳಗ ಬಸ್‌ಸ್ಟ್ಯಾಂಡಿಗಿ ತಿರುಗಿ ಬರಬೇಕು, ಅಲ್ಲೊಂದ ಕೆಲಸೈತಿ.” ಹತ್ತಾಯಿತು, ಹನ್ನೆರಡಾಯಿತು. ಮಗ ಅಷ್ಟು ಸುಲಭಕ್ಕೆ ಎದ್ದು ಬರಲಾರನೆಂದು ಹುಸೇನಬಿಗೆ ಗೊತ್ತಿತ್ತು.

ಬಿಸಿಲು ನೆತ್ತಿಗೇರಿದಾಗ ಅಂಗಳಕ್ಕೆ ಬಂದವಳು ದಾವಲಬಿ. ಮಶಾಕಸಾಬನ ಅಕ್ಕ, ಬಬಲೇಶ್ವರದವಳು. ಅಕ್ಷರ ಬಾರದ, ಯಾರ ಗೊಡವೆಗೂ ಹೋಗದ ಮುದುಕಿ. ಬಗಲಲ್ಲಿ ಒಂದು ಬಟ್ಟೆಯ ಕೈಚೀಲ.

“ಏನ ಬಿಸಲ ಇದು ಯಪ್ಪಾ! ಬಸ್‌ಸ್ಟ್ಯಾಂಡಿನಾಗ ಎರಡ ತಾಸು ಕುಂತು ಕುಂಡಿ ಸುಟ್ಟಕೊಂಡೆ,” ಎಂದು ಅವಳು ಕಟ್ಟೆಯ ಮೇಲೆ ಕುಸಿದಳು. “ನೀರ ಕೊಡ ಬೇ ನಿಖತ. ತಗೋ, ಇದರಾಗ ಏನೈತೋ ನನಗ ಗೊತ್ತಿಲ್ಲ. ಬಿಚ್ಚಿ ನೋಡಿಲ್ಲ.”

ಚೀಲದ ಬಾಯಿಗೆ ಹಾಕಿದ್ದ ಗಂಟು ಬಿಗಿಯಾಗಿತ್ತು. ನಿಖತ ಬಿಚ್ಚಿದಳು. ಹಸಿರು ಫೈಲು. ಅಂಕಪಟ್ಟಿ, ವರ್ಗಾವಣೆ ಪತ್ರ, ಎಲ್ಲವೂ ಇದ್ದವು. ಒಂದು ಮೂಲೆಯೂ ಮಡಚಿರಲಿಲ್ಲ.

“ಅಲ್ಲಾನ ದಯಾ!” ಎಂದು ಹುಸೇನಬಿ ಎರಡೂ ಕೈ ಎತ್ತಿದಳು. “ನಾಳಿ ತನಕ ಟೈಮ ಐತೆಲ್ಲ, ಅಥಣಿಗೆ!”

ನಿಖತ ತಾಯಿಯ ಮಾತು ಕೇಳಿಸಿಕೊಳ್ಳಲಿಲ್ಲ. “ಫುಪ್ಪು, ಇದು ನಿನ್ನ ಕಡೆ ಹ್ಯಾಂಗ ಬಂತು?”

“ಸೋಮವಾರ ಮುಂಜಾನೆ ಮೊದಲನೇ ಬಸ್ಸಿನ ಕಂಡಕ್ಟರ ತಂದ ಕೊಟ್ಟ. ಅವರ ಕೈಯಾಗ ಬುತ್ತಿ ಬರತೈತಿ, ಔಷಧ ಬರತೈತಿ, ಇದೂ ಹಂಗ ಅಂತ ಇಸಗೊಂಡೆ. ಗುರುವಾರ ಹತ್ತಕ್ಕ ತಿಕೋಟಾ ಬಸ್‌ಸ್ಟ್ಯಾಂಡಿಗಿ ತರಬೇಕಂತ, ಅದಕಿಂತ ಮೊದಲ ತರಬಾರದಂತ, ಮನೀಗಂತೂ ಒಯ್ಯಬಾರದಂತ. ಹಂಗ ಹೇಳಿ ಕಳಿಸಿದ್ದರು. ಕಾದ ಕಾದ ಸಾಕಾತು. ಇಲ್ಲಿಗೇ ಬಂದೆ, ತಪ್ಪಾತೇನ?”

ಹುಸೇನಬಿಯ ಎತ್ತಿದ ಕೈಗಳು ಅಲ್ಲೇ ನಿಂತವು. ನಿಖತಳಿಗೆ ತನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸಿತು.

“ಕಂಡಕ್ಟರನ ಕೈಯಾಗ ಕೊಟ್ಟ ಕಳಿಸಿದಾಂವ ಯಾರು, ಫುಪ್ಪು?”

ದಾವಲಬಿ ತಂಬಿಗೆಯ ನೀರನ್ನು ಒಂದೇ ಗುಕ್ಕಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನಮ್ಮ ಮಶಾಕ.”