ಕಿಂಡಿಯ ಪಕ್ಕದ ಮೇಜು

ನನ್ನ ಯಜಮಾನರ ನಾಲಿಗೆಗೆ ರುಚಿ ಗೊತ್ತಾಗುವುದು ನಿಂತು ಎರಡು ವರ್ಷವಾಗಿತ್ತು. ಒಂದು ವಾರದ ಜ್ವರ ಬಂತು, ಹೋಯಿತು. ಹೋಗುವಾಗ ಉಪ್ಪು, ಹುಳಿ, ಖಾರ ಮೂರನ್ನೂ ಕಟ್ಟಿಕೊಂಡು ಹೋಯಿತು. ಮತ್ತೆ ಬರಬಹುದು, ಕಾಯಿರಿ ಎಂದರು ಡಾಕ್ಟರು. ಬೇರೆ ಯಾರಿಗಾದರೂ ಆಗಿದ್ದರೆ ಕಾಯಬಹುದಿತ್ತು. ಇವರು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ದಿನಕ್ಕೆ ಮುನ್ನೂರು ಜನ ಉಣ್ಣುವ ಜಾಗ. ಅಡುಗೆಯವರಿಗೆ ರುಚಿಯೇ ಗೊತ್ತಾಗುವುದಿಲ್ಲವಂತೆ ಎಂದು ಒಬ್ಬನ ಕಿವಿಗೆ ಬಿದ್ದಿದ್ದರೂ ಸಾಕಿತ್ತು, ಮರುದಿನ ಮುನ್ನೂರು ಜನರ ಬಾಯಲ್ಲೂ ಊಟ ಸಪ್ಪೆಯಾಗುತ್ತಿತ್ತು.

ಹಾಗಾಗಿ ನಾನು ಅಲ್ಲಿಗೇ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿಕೊಂಡೆ. ಒಲೆಯ ಪಕ್ಕದಲ್ಲೇ ನನ್ನ ಹಲಗೆ. ಹಬೆಯ ಮರೆಯಲ್ಲಿ ಇವರು ಒಂದು ಚಮಚ ನನ್ನ ಬಾಯಿಗಿಡುತ್ತಿದ್ದರು. ಚಾಕುವಿನ ಬೆನ್ನಿನಿಂದ ಹಲಗೆಯನ್ನು ಒಮ್ಮೆ ತಟ್ಟಿದರೆ ಉಪ್ಪು ಕಡಿಮೆ, ಎರಡು ಸಲ ತಟ್ಟಿದರೆ ಹುಳಿ ಕಡಿಮೆ, ಮೂರು ಸಲಕ್ಕೆ ಖಾರ. ಎಲ್ಲ ಸರಿಯಿದ್ದರೆ ಚಾಕುವನ್ನು ಹಲಗೆಯ ಮೇಲೆ ಮಲಗಿಸಿಬಿಡುತ್ತಿದ್ದೆ. ಆ ಗದ್ದಲದಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಗಂಡನನ್ನು ಒಂದು ಗಳಿಗೆ ಬಿಟ್ಟಿರಲಾರದ ಹೆಂಗಸು ಎಂದು ಪಾತ್ರೆ ತೊಳೆಯುವವಳು ಮೂಗು ಮುರಿಯುತ್ತಿದ್ದಳು. ಮುರಿದುಕೊಳ್ಳಲಿ ಎಂದು ಸುಮ್ಮನಿದ್ದೆ.

ವರ್ಷದ ಕೊನೆಗೆ ಕ್ಯಾಂಟೀನು ಮುಚ್ಚುತ್ತದೆ ಎಂದು ನೋಟೀಸು ಅಂಟಿಸಿದ ತಿಂಗಳಲ್ಲೇ ಕಾರ್ಖಾನೆಯ ಗೇಟಿನ ಮುಂದೆ ಒಂದು ಕಾರು ಕೆಟ್ಟು ನಿಂತಿತು. ಕಾರಿನಲ್ಲಿದ್ದ ಹೆಂಗಸು, ರಿಪೇರಿಯಾಗುವವರೆಗೆ ಹಸಿದು ಕೂರಲಾರದೆ, ನಮ್ಮಲ್ಲಿಗೆ ಬಂದು ಬೇಳೆಯ ಸೂಪು ಕುಡಿದರು. ಎರಡನೆಯ ಬಟ್ಟಲು ಕೇಳಿ ಕುಡಿದರು. ಮಾಡಿದವರು ಯಾರು ಎಂದು ವಿಚಾರಿಸಿದರು. ಅವರು ದೊಡ್ಡ ಪಟ್ಟಣದ ದೊಡ್ಡ ಹೋಟೆಲೊಂದರ ಮುಖ್ಯ ಅಡುಗೆಯವರಂತೆ. ಹದಿನೈದು ದಿನಕ್ಕೆ ಪತ್ರ ಬಂತು. ಎರಡು ದಿನ ನಮ್ಮ ಹೋಟೆಲಿನಲ್ಲಿ ಉಳಿಯಿರಿ, ಉಂಡು ನೋಡಿ. ಮೂರನೆಯ ದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಅದೇ ಸೂಪು ಮಾಡಿ ತೋರಿಸಿ. ಸರಿಯೆನಿಸಿದರೆ ಕೆಲಸ ಕೊಡುತ್ತೇವೆ. ಮನೆಯವರನ್ನೂ ಕರೆದುಕೊಂಡು ಬರಬಹುದು.

ಆ ‘ಮನೆಯವರನ್ನೂ’ ಎಂಬುದನ್ನು ಓದಿದಾಗ ನನಗೆ ಸ್ವಲ್ಪ ಉರಿಯಿತು. ಆ ದಿನ ಆ ಸೂಪಿಗೆ ನಾನು ಒಟ್ಟು ನಾಲ್ಕು ಸಲ ತಟ್ಟಿದ್ದೆ. ಆದರೆ ಇವರ ಮುಖ ನೋಡಿದೆ. ನೋಟೀಸು ಅಂಟಿಸಿದ ದಿನದಿಂದ ಬಾಡಿಹೋಗಿದ್ದ ಮುಖ ಅರಳಿತ್ತು. ಬಾಯಿ ಮುಚ್ಚಿಕೊಂಡು ಬಟ್ಟೆ ಜೋಡಿಸಿದೆ.

ಇಬ್ಬರೂ ಅಷ್ಟು ದೊಡ್ಡ ಪಟ್ಟಣವನ್ನು ನೋಡುತ್ತಿದ್ದದ್ದು ಅದೇ ಮೊದಲು. ಹನ್ನೊಂದನೆಯ ಮಹಡಿಯಲ್ಲಿ ಕೋಣೆ. ಹೊದಿಕೆಯನ್ನು ಹಾಸಿಗೆಯ ಅಡಿಗೆ ಎಷ್ಟು ಬಿಗಿಯಾಗಿ ಸಿಕ್ಕಿಸಿದ್ದರೆಂದರೆ ಕಾಲು ತೂರಿಸಲು ಇಬ್ಬರೂ ಸೇರಿ ಎಳೆಯಬೇಕಾಯಿತು. ಬಚ್ಚಲಿಗೆ ಗಾಜಿನ ಗೋಡೆ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದ್ದರೂ ನಾಚಿಕೆ ಎಂಬುದೊಂದಿದೆಯಲ್ಲ; ಒಬ್ಬರು ಸ್ನಾನ ಮಾಡುವಾಗ ಇನ್ನೊಬ್ಬರು ಕಿಟಕಿಯ ಕಡೆ ಮುಖ ಮಾಡಿ ಕೆಳಗಿನ ಬಸ್ಸುಗಳನ್ನು ಎಣಿಸುತ್ತ ನಿಲ್ಲುತ್ತಿದ್ದೆವು.

ಸಂಜೆ ಊಟಕ್ಕೆ ಇಳಿದೆವು. ಮೆತ್ತಗಿನ ಕುರ್ಚಿ, ಬಿಳಿ ಬಟ್ಟೆ ಹಾಸಿದ ಮೇಜು, ತಟ್ಟೆಯ ಒಂದು ಬದಿಗೆ ಮುಳ್ಳುಚಮಚ, ಇನ್ನೊಂದು ಬದಿಗೆ ಚಾಕು. ಉಣ್ಣುವುದಕ್ಕೆ ಚಾಕು ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆದರೂ ಚಾಕು ಕಂಡ ಕೂಡಲೇ ಕೈ ತಾನಾಗಿ ಅತ್ತ ಹೋಯಿತು. ಮೊದಲು ಸೂಪು ಬಂತು. ಇವರು ಅಭ್ಯಾಸಬಲದಿಂದ ಬಟ್ಟಲನ್ನು ನನ್ನ ಕಡೆ ತಳ್ಳಿದರು. ನಾನೂ ಅಭ್ಯಾಸಬಲದಿಂದ ಒಂದು ಚಮಚ ಬಾಯಿಗಿಟ್ಟು, ಚಾಕುವಿನಿಂದ ಮೇಜನ್ನು ಒಮ್ಮೆ ತಟ್ಟಿದೆ.

ಬಡಿಸುವವರು ಓಡಿ ಬಂದರು. ನರೆತ ಮೀಸೆಯ, ನೆಟ್ಟಗೆ ನಿಲ್ಲುವ ಮನುಷ್ಯ.

“ಹೇಳಿ ಅಮ್ಮಾ, ಏನು ಬೇಕಿತ್ತು?”

ಏನೆಂದು ಹೇಳಲಿ. “ನೀರು” ಎಂದೆ.

ನೀರು ಬಂತು. ಆಮೇಲೆ ಮೀನು ಬಂತು. ಹುಳಿ ಸಾಲದು, ಎರಡು ಸಲ ತಟ್ಟಿದೆ. ಅವರು ಮತ್ತೆ ಓಡಿ ಬಂದರು. ಮತ್ತೆ ನೀರು ಕೇಳಿದೆ. ಬೇಡವೆಂದುಕೊಂಡರೂ ಕೈ ಕೇಳಬೇಕಲ್ಲ. ಊಟ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಆರು ಲೋಟ ನೀರು ಸಾಲಾಗಿ ನಿಂತಿದ್ದವು. ಇವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. ಎರಡು ವರ್ಷದಿಂದ ಇವರು ಊಟದ ಮುಂದೆ ಕೂತು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಆ ನಗುವಿಗಾಗಿ ಇನ್ನೂ ಆರು ಲೋಟ ತರಿಸಲು ತಯಾರಿದ್ದೆ.

ಆ ಬಡಿಸುವವರಿಗೆ ನಾವು ನೀರಣ್ಣ ಎಂದು ಹೆಸರಿಟ್ಟೆವು.

ಮರುದಿನ ಬೆಳಗಿನ ತಿಂಡಿಗೆ ಉದ್ದನೆಯ ಮೇಜುಗಳ ಮೇಲೆ ಏನೇನೋ ಇಟ್ಟಿದ್ದರು. ಬೇಕಾದ್ದನ್ನು ನಾವೇ ಬಡಿಸಿಕೊಳ್ಳಬೇಕು. ಜನ ತಟ್ಟೆ ಹಿಡಿದು ಸುತ್ತಿದರೆ ಇವರು ಕೈ ಹಿಂದೆ ಕಟ್ಟಿಕೊಂಡು ಸುತ್ತಿದರು. ಪಾತ್ರೆಯ ಅಡಿಯ ಉರಿ ಎಷ್ಟಿದೆ, ಮೊಟ್ಟೆ ಎಷ್ಟು ಹೊತ್ತು ಬೆಂದಿದೆ, ಬ್ರೆಡ್ಡಿನ ಅಂಚು ಯಾಕೆ ಒಣಗಿದೆ, ಎಲ್ಲ ಕಣ್ಣಲ್ಲೇ ಅಳೆದರು. ಹೆಣ್ಣು ನೋಡಲು ಬಂದವರ ಹಾಗೆ ಸುತ್ತಬೇಡಿ, ತಟ್ಟೆ ತಗೊಳ್ಳಿ ಎಂದು ನಾನೇ ಗದರಿಸಿದೆ.

ಮಧ್ಯಾಹ್ನ ಹೊರಗೆ ಹೋದೆವು. ಎರಡು ಎತ್ತರದ ಕಟ್ಟಡಗಳ ನಡುವಿನ ಸಂದಿಯಲ್ಲಿ ನಿಂತೇ ತಿನ್ನುವ ಒಂದು ಪುಟ್ಟ ಅಂಗಡಿ. ಕಚೇರಿಯವರು ಕೊರಳಲ್ಲಿ ಗುರುತಿನ ಚೀಟಿ ನೇತಾಡಿಸಿಕೊಂಡು, ಗಡಿಯಾರ ನೋಡುತ್ತ ನುಂಗುತ್ತಿದ್ದರು. ಒಬ್ಬ ಹೆಂಗಸು ದೊಡ್ಡ ಬಾಣಲೆಯಲ್ಲಿ ಅನ್ನ ಹುರಿಯುತ್ತಿದ್ದಳು. ಇವರು ಅವಳ ಕೈಯನ್ನೇ ನೋಡುತ್ತ ನಿಂತುಬಿಟ್ಟರು.

“ನೋಡೇ, ಒಂದು ಅಗುಳೂ ಮುರಿದಿಲ್ಲ. ಅವಳು ರುಚಿ ನೋಡೋದೇ ಇಲ್ಲ, ಕಿವಿ ಕೊಟ್ಟು ಕೇಳ್ತಾಳೆ. ಚಟಪಟ ನಿಂತ ಕೂಡ್ಲೇ ಇಳಿಸ್ತಾಳೆ.”

“ಅವಳಿಗೆ ನಾಲಿಗೆನೂ ಇದೆ ರೀ,” ಎಂದೆ.

ಅಂದ ಮೇಲೆ ಅನ್ನಬಾರದಿತ್ತು ಎನಿಸಿತು. ಇವರು ತಟ್ಟೆಯನ್ನು ನನ್ನ ಕಡೆ ತಳ್ಳಿ, ಬೀದಿಯ ಕಡೆ ನೋಡಿದರು. ಅನ್ನ ಬಹಳ ಚೆನ್ನಾಗಿತ್ತು. ಅದನ್ನು ಇವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಪೂರ್ತಿ ನಾನೇ ತಿಂದೆ.

ಸಂಜೆ ಕೋಣೆಯಲ್ಲಿ ಕೂತು ಇವರು ತಮ್ಮ ಉಪಾಯ ಬಿಚ್ಚಿಟ್ಟರು. ಊಟದ ಹಜಾರಕ್ಕೂ ಅಡುಗೆಮನೆಗೂ ನಡುವೆ ಪಾತ್ರೆ ದಾಟಿಸುವ ಒಂದು ಕಿಂಡಿಯಿತ್ತು. ಅದರ ಪಕ್ಕದಲ್ಲೇ ಒಂದು ಮೇಜು. ನಾಳೆ ಬೆಳಿಗ್ಗೆ ತಿಂಡಿಯ ಹೊತ್ತು ಮುಗಿದು ಹಜಾರ ಖಾಲಿಯಾದ ಮೇಲೆ ನಾನು ಅಲ್ಲಿ ಕೂರಬೇಕು. ಸೂಪು ಆದ ಮೇಲೆ ಇವರು ಒಂದು ಬಟ್ಟಲು ನನಗೆ ಕಳಿಸುತ್ತಾರೆ. ನಾನು ತಟ್ಟಬೇಕು. ಕಿಂಡಿಯಿಂದ ಕೇಳಿಸುತ್ತದೆ.

“ನೀರಣ್ಣಂಗೆ ಹೇಳಿದೀನಿ, ಮನೆಯವಳು ಉಣ್ಣದೆ ನಾನು ಯಾರಿಗೂ ಬಡಿಸಲ್ಲ, ನಮ್ಮಲ್ಲಿ ಹಾಗೇನೇ ಅಂತ. ಒಪ್ಪಿಕೊಂಡಿದಾರೆ.”

“ಅದು ಸರಿ. ಕೆಲಸ ಸಿಕ್ತು ಅಂತಿಟ್ಕೊಳ್ಳಿ. ಆಮೇಲೆ?”

“ಆಮೇಲಿಂದು ಆಮೇಲೆ. ಅಷ್ಟರಲ್ಲಿ ರುಚಿ ಬಂದ್ರೂ ಬರಬಹುದು.”

“ಬರದಿದ್ರೆ? ಒಳಗಡೆ ಹದಿನೇಳು ಜನ ಅಡುಗೆಯವರಿದಾರೆ. ನಿಮ್ಮ ಪಕ್ಕದಲ್ಲಿ ನನಗೆ ಹಲಗೆ ಹಾಕಿ ಕೊಡ್ತಾರಾ?”

ಇವರು ತಮ್ಮ ಎರಡೂ ಅಂಗೈ ನೋಡಿಕೊಂಡರು. “ಅಡುಗೆ ಬಿಟ್ರೆ ನನಗೇನು ಬರುತ್ತೆ ಹೇಳು” ಎಂದರು. ಅಷ್ಟು ಮೆಲ್ಲಗೆ ಕೇಳಿದವರ ಹತ್ತಿರ ಜಗಳವಾಡುವುದು ಹೇಗೆ. ತಟ್ಟುತ್ತೇನೆ ಎಂದು ಒಪ್ಪಿಕೊಂಡೆ.

ಮೂರನೆಯ ದಿನ ಹಜಾರ ಖಾಲಿಯಾಗಿತ್ತು. ಮೇಜುಗಳ ಬಟ್ಟೆ ಬದಲಿಸುತ್ತಿದ್ದರು. ನಾನು ಕಿಂಡಿಯ ಪಕ್ಕ ಕೂತಿದ್ದೆ. ಒಳಗಿನಿಂದ ಇವರ ಸೌಟಿನ ಸದ್ದು ಕೇಳಿಸುತ್ತಿತ್ತು. ಹದಿನೇಳು ಸೌಟಿನ ನಡುವೆಯೂ ಅದು ನನಗೆ ಗೊತ್ತಾಗುತ್ತದೆ, ಪಾತ್ರೆಯ ಅಂಚಿಗೆ ಎರಡು ಸಲ ಕೊಡವುತ್ತಾರೆ. ಬೇಳೆ ಬೆಂದ ವಾಸನೆ ಬಂತು. ಬೆಳ್ಳುಳ್ಳಿ ಹುರಿದ ವಾಸನೆ ಬಂತು. ಎಲ್ಲೂ ಒಂದು ತಪ್ಪಿಲ್ಲ, ಹೊತ್ತಿಲ್ಲ, ಸೀದಿಲ್ಲ. ಇವರ ಕೈ ಅಂಥದು.

ನೀರಣ್ಣ ಬಟ್ಟಲು ತಂದಿಟ್ಟರು. ಪಕ್ಕದಲ್ಲೇ ಒಂದು ಲೋಟ ನೀರನ್ನೂ ಇಟ್ಟರು. “ನೀವು ಕೇಳೋಕೆ ಮುಂಚೆನೇ ತಂದೆ ಅಮ್ಮಾ” ಎಂದು ಹೋದರು.

ಒಂದು ಚಮಚ ಬಾಯಿಗಿಟ್ಟೆ. ಉಪ್ಪು ಸಾಲದು. ಸ್ವಲ್ಪವಲ್ಲ, ಅರ್ಧಕ್ಕರ್ಧ ಸಾಲದು. ಮೇಜಿನ ಮೇಲಿನ ಉಪ್ಪಿನ ಬಟ್ಟಲು ನೋಡಿದೆ; ಇಲ್ಲಿಯ ಉಪ್ಪು ದಪ್ಪ ಹರಳಿನದು, ಇವರ ಕೈಯ ಅಂದಾಜು ನಮ್ಮ ಪುಡಿ ಉಪ್ಪಿನದು.

ಚಾಕು ಕೈಯಲ್ಲಿತ್ತು. ಒಂದು ತಟ್ಟು, ಅಷ್ಟೇ. ಒಳಗೆ ಸೌಟಿನ ಸದ್ದು ನಿಂತಿತ್ತು, ಇವರು ಕಿವಿಯಾನಿಸಿ ಕಾಯುತ್ತಿದ್ದರು. ತಟ್ಟಿದರೆ ಇವತ್ತು ಗೆಲ್ಲುತ್ತಾರೆ, ಮುಂದಿನ ಸೋಮವಾರ ಕೆಲಸಕ್ಕೆ ನಿಂತಾಗ ಯಾರೋ ಗುರುತಿಲ್ಲದ ಹುಡುಗರ ಮುಂದೆ ಗುಟ್ಟು ರಟ್ಟಾಗುತ್ತದೆ. ಆಗ ಪಕ್ಕದಲ್ಲಿ ನಾನಿರುವುದಿಲ್ಲ. ಚಾಕು ಮಲಗಿಸಿದರೆ, ಸದ್ದಿಲ್ಲ ಎಂದರೆ ಸರಿಯಿದೆ ಎಂದುಕೊಂಡು ಆ ಸಪ್ಪೆ ಸೂಪನ್ನೇ ಬಡಿಸುತ್ತಾರೆ. ಅಡುಗೆ ಬಾರದವರು ಎನಿಸಿಕೊಂಡು ಊರಿಗೆ ಬರುತ್ತಾರೆ. ಅದು ಸುಳ್ಳು. ಆ ಸುಳ್ಳನ್ನು ನಾನು ಸಹಿಸುತ್ತಿರಲಿಲ್ಲ. ಎರಡು ವರ್ಷ ತಟ್ಟಿ ತಟ್ಟಿ ನನಗೂ ಸಾಕಾಗಿತ್ತು. ಬಾಯಿ ಇದ್ದೂ ಮೂಗಿಯ ಹಾಗೆ ಎಷ್ಟು ದಿನ ಎಂದು ಸಿಟ್ಟು ಬಂತು. ಸಿಟ್ಟು ಇವರ ಮೇಲೋ ಜ್ವರದ ಮೇಲೋ ಗೊತ್ತಾಗಲಿಲ್ಲ.

ಬಟ್ಟಲು ಎತ್ತಿಕೊಂಡು ಅಡುಗೆಮನೆಯ ಬಾಗಿಲು ತಳ್ಳಿ ಒಳಗೆ ಹೋದೆ.

ಎಲ್ಲರೂ ತಿರುಗಿ ನೋಡಿದರು. ಮುಖ್ಯ ಅಡುಗೆಯವರು ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಇವರ ಪಕ್ಕದಲ್ಲೇ ನಿಂತಿದ್ದರು.

“ಉಪ್ಪು ಕಡಿಮೆ ಆಗಿದೆ ರೀ,” ಎಂದೆ. ಎರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. “ಇಲ್ಲಿನ ಉಪ್ಪು ದಪ್ಪ.”

ಮುಖ್ಯ ಅಡುಗೆಯವರು ಚಮಚ ಅದ್ದಿ ನಾಲಿಗೆಗಿಟ್ಟುಕೊಂಡರು. “ಹೌದು, ಕಡಿಮೆ,” ಎಂದರು. ಆಮೇಲೆ ಇವರ ಕಡೆ ತಿರುಗಿ, “ನೀವು ರುಚಿ ನೋಡ್ಲಿಲ್ವಾ?” ಎಂದು ಕೇಳಿದರು.

ಇವರು ನನ್ನ ಮುಖ ನೋಡಿದರು. ಬೈದರೆ ಬೈಯಲಿ, ಊರಿಗೆ ಹೋಗುವವರೆಗೆ ಮಾತು ಬಿಟ್ಟರೆ ಬಿಡಲಿ ಎಂದು ಗಟ್ಟಿಯಾಗಿ ನಿಂತಿದ್ದೆ. ಇವರು ಬೈಯಲಿಲ್ಲ. ಹೊತ್ತ ಮೂಟೆ ಇಳಿಸಿದವರ ಹಾಗೆ ಭುಜ ಸಡಿಲಬಿಟ್ಟರು.

“ನೋಡಿದ್ರೂ ಗೊತ್ತಾಗಲ್ಲ ಅಮ್ಮ. ಎರಡು ವರ್ಷ ಆಯ್ತು. ಒಂದು ಜ್ವರ ಬಂದಿತ್ತು.”

“ಹಾಗಾದ್ರೆ ಆವತ್ತು ನಾನು ಕುಡಿದ ಸೂಪು?”

“ಬೇಯಿಸಿದ್ದು ನಾನು. ರುಚಿ ಇವಳದ್ದು.”

ಮುಖ್ಯ ಅಡುಗೆಯವರು ನನ್ನ ಕೈಗೆ ಹೊಸ ಚಮಚ ಕೊಟ್ಟು, ಸಾಲಾಗಿದ್ದ ಮೂರು ಪಾತ್ರೆ ತೋರಿಸಿದರು. ಹೆದರಿಕೆ ಎಲ್ಲಿ ಹೋಯಿತೋ. ಮೊದಲನೆಯದಕ್ಕೆ ಹುಳಿ ಬೇಕು ಎಂದೆ. ಎರಡನೆಯದು ಸರಿಯಿದೆ, ಮುಟ್ಟಬೇಡಿ ಎಂದೆ. ಮೂರನೆಯದರಲ್ಲಿ ನಿನ್ನೆ ಉಳಿದದ್ದನ್ನು ಸೇರಿಸಿದ್ದೀರಿ ಎಂದೆ. ಮೂಲೆಯಲ್ಲಿದ್ದ ಒಬ್ಬ ಅಡುಗೆಯವನು ತನ್ನ ಬೂಟನ್ನು ನೋಡತೊಡಗಿದ.

“ಬೇಯಿಸೋ ಕೈಗಳು ನನ್ನ ಹತ್ರ ಬೇಕಾದಷ್ಟಿವೆ,” ಎಂದರು ಮುಖ್ಯ ಅಡುಗೆಯವರು, ನಿಧಾನವಾಗಿ. “ಕಿಂಡಿ ಹತ್ರ ನಿಂತು, ಹೊರಗೆ ಹೋಗೋ ಪ್ರತಿ ಪಾತ್ರೆಯ ರುಚಿ ನೋಡೋರು ಬೇಕು. ರುಚಿಗೋಸ್ಕರಾನೇ ನಾನು ಆ ಪತ್ರ ಬರೆದಿದ್ದು. ಇರೋದು ಒಂದೇ ಕೆಲಸ. ಅದನ್ನ ನಿಮಗೆ ಕೊಡ್ತೀನಿ, ಒಪ್ಪಿದ್ರೆ.”

‘ನಿಮಗೆ’ ಎಂದದ್ದು ನನಗೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಒಂದು ಕೆಲಸಕ್ಕೆ ಕರೆದಿರಲಿಲ್ಲ. ಮರುಗಳಿಗೆ ಇವರ ನೆನಪಾಯಿತು. ಕೆಲಸ ಕೇಳಲು ಬಂದವರು ಇವರು. ಹೊಸ ಅಂಗಿ ಹಾಕಿಕೊಂಡು ಬಂದವರು ಇವರು. ಇವರ ಕಡೆ ನೋಡಲು ಧೈರ್ಯವಾಗದೆ ಸೂಪಿನ ಪಾತ್ರೆಯನ್ನೇ ನೋಡುತ್ತ ನಿಂತೆ.

ಇವರು ಚಿಟಿಕೆಗೆ ಬದಲು ಹಿಡಿಯಷ್ಟು ಉಪ್ಪು ತೆಗೆದು ಸೂಪಿಗೆ ಹಾಕಿ, ಕಲಕಿ, ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಕೊಡವಿದರು. ಒಂದು ಚಮಚ ನನ್ನ ಬಾಯಿಗಿಟ್ಟರು, ಹದಿನೇಳು ಜನರ ಎದುರಿಗೆ, ಯಾವ ಹಬೆಯ ಮರೆಯೂ ಇಲ್ಲದೆ. ಸರಿಯಾಗಿತ್ತು. ತಲೆಯಾಡಿಸಿದೆ. ಆಮೇಲೆ ಇವರು ಪಕ್ಕದ ಹಲಗೆಯ ಮೇಲೆ ಬಿದ್ದಿದ್ದ, ಬೆಳ್ಳುಳ್ಳಿ ಹೆಚ್ಚಿದ ಚಾಕುವನ್ನು ಎತ್ತಿಕೊಂಡರು. ತಟ್ಟುತ್ತಾರೇನೋ ಎಂದು ನಾನು ಇವರ ಕೈಯನ್ನೇ ನೋಡಿದೆ. ಒಂದು ಸಲ ತಟ್ಟಿದ್ದರೂ ನಾನು ಬಟ್ಟಲು ಕೆಳಗಿಟ್ಟು ಇವರ ಜೊತೆ ಊರಿನ ಬಸ್ಸು ಹತ್ತುತ್ತಿದ್ದೆ.

ಇವರು ಚಾಕುವನ್ನು ಬಟ್ಟೆಯಲ್ಲಿ ಒರೆಸಿದರು. ಅಲಗನ್ನು ನನ್ನಿಂದ ಆಚೆಗೆ ತಿರುಗಿಸಿ, ಮೆಲ್ಲಗೆ ಹಲಗೆಯ ಮೇಲೆ ಮಲಗಿಸಿದರು.

ಕೈ ತೊಳೆಯಲು ನಲ್ಲಿ ಎಲ್ಲಿದೆ ಎಂದು ನಾನು ಮುಖ್ಯ ಅಡುಗೆಯವರನ್ನು ಕೇಳಿದೆ.