ಬ್ಯಾಡಗಿ ಕೇಂದ್ರಕ್ಕೆ ಯಾರೂ ಯಾಕೆ ಬರಲಿಲ್ಲ

ಮಾಲತೇಶ ಈ ಸಲವೂ ಬಸ್ಸು ಹತ್ತಲಿಲ್ಲ. ಬ್ಯಾಡಗಿಯ ನಿಲ್ದಾಣದಲ್ಲಿ ಕಂಬ ಹಿಡಿದು ನಿಂತುಬಿಟ್ಟ. ತಾಯಿ ದುರಗವ್ವ ಕರೆದಳು, ಕೈಹಿಡಿದು ಎಳೆದಳು, ಆಮೇಲೆ ಕೈಬಿಟ್ಟಳು. ರಾಣೆಬೆನ್ನೂರಿನ ಬಸ್ಸು ಹೋಯಿತು. ಅವನ ಮನಸ್ಸಿನ ಕಾಯಿಲೆಗೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಮತ್ತೆ ತಪ್ಪಿತು.

ಅವರು ಮನೆಗೆ ಮರಳಿದಾಗ ಪಕ್ಕದ ಮನೆಯ ಬಿಸ್ಮಿಲ್ಲಾಬಿ ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅವಳ ತಂಗಿಗೂ ಇಂಥದೇ ಕಾಯಿಲೆ; ಮಾನಸಿಕ ಆರೋಗ್ಯದ ಸಂಸ್ಥೆಯೊಂದರ ಆಡಳಿತ ಮಂಡಳಿಯಲ್ಲಿ ಅವಳು ಸದಸ್ಯೆ. ಆ ಸಂಸ್ಥೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ವಾರಕ್ಕೊಮ್ಮೆ ಚಿಕಿತ್ಸಾ ಕೇಂದ್ರ ನಡೆಸುತ್ತದೆ.

"ನಾಳೆ ಇಲ್ಲೇ ಡಾಕ್ಟರ್ ಬರ್ತಾರ. ಅಷ್ಟು ದೂರ ಯಾಕ ಎಳಕೊಂಡು ಹೋಗ್ತೀ ದುರಗವ್ವಾ?"

"ಇಲ್ಲಿ ಮಂದಿ ನೋಡ್ತಾರಕ್ಕಾ."

"ಅಲ್ಲಿ ನೋಡೂದಿಲ್ಲೇನು? ನಮ್ಮ ಓಣಿಯವರ ಕುಂತಿರ್ತಾರ. ಒಬ್ಬರ ಮಾರಿ ಒಬ್ಬರು ನೋಡದಂಗ ಗೋಡಿ ನೋಡತೀರಿ."

"ರಾಣೆಬೆನ್ನೂರಿನವರು ಎಲ್ಲಿ ಹೋಗ್ತಾರ ಹಂಗಾದ್ರ?"

"ಹಾವೇರಿಗೆ."

ಇಬ್ಬರೂ ಸ್ವಲ್ಪ ನಕ್ಕರು. ನಗು ಬೇಗ ಮುಗಿಯಿತು.

"ನಮ್ಮೂರ ಕೇಂದ್ರ ಮುಚ್ಚಬೇಕಂತ ಮಾಡ್ಯಾರ," ಎಂದಳು ಬಿಸ್ಮಿಲ್ಲಾಬಿ. "ಯಾರೂ ಬರೂದಿಲ್ಲಲ್ಲ, ಬ್ಯಾಡಗಿಯಾಗ ಈ ಕಾಯಿಲೆನ ಇಲ್ಲ ಅಂತ ಮಂಡಳಿಯವರು ತಿಳಕೊಂಡಾರ. ನಾ ಎಷ್ಟು ಹೇಳಿದ್ರೂ, ನಿನ್ನ ತಂಗಿ ಇರೋದು ಐರಣಿ ಹಳ್ಳಿಯಾಗ, ಇಲ್ಲೀದು ನಿನಗೇನು ಗೊತ್ತು ಅಂತಾರ. ನನ್ನ ಅವಧಿನೂ ಮುಗಿಯಾಕ ಬಂತು. ಮಂಡಳಿಗೆ ನನ್ನ ಜಾಗಕ್ಕ ನೀ ಬಾ."

"ಅಲ್ಲಿ ಡಾಕ್ಟರು, ವಕೀಲರು ಇರ್ತಾರ. ನಾ ಏನು ಮಾಡಲಿ?"

"ಅವರಿಗೆ ಔಷಧ ಗೊತ್ತು, ಕಾಯ್ದೆ ಗೊತ್ತು. ನೀ ಯಾಕ ಇಲ್ಲಿಗೆ ಬರವಲ್ಲಿ ಅನ್ನೂದು ಗೊತ್ತಿಲ್ಲ. ಎರಡು ತಿಂಗಳಿಗೊಂದು ಸಭೆ. ಪಗಾರ ಇಲ್ಲ, ರೊಕ್ಕ ಕೊಡೂದೂ ಇಲ್ಲ. ಕೇಂದ್ರ ಎಲ್ಲಿ ನಡೀಬೇಕು, ಬಂದ ಹಣ ಎಲ್ಲಿ ಹೋಗ್ತದ, ಕೇಳಬೇಕು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನಬೇಕು."

"ನನಗ ಸಾಕಾಗೇದಕ್ಕಾ."

"ನನಗೂ. ಅದಕ್ಕ ಪಾಳಿ ಮ್ಯಾಲ ಮಾಡೂಣು ಅನ್ನಾಕತ್ತೇನಿ."

ಸಂಜೆ ದುರಗವ್ವ ಗಂಡ ಬೀರಲಿಂಗಪ್ಪನಿಗೆ ಇದನ್ನು ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಊರಿಗೆಲ್ಲ ಡಂಗುರ ಹೊಡೀತೀಯೇನು? ಮನಿಯಾಗ ಲಗ್ನದ ಮಗಳದಾಳ."

"ದಿನಾ ಹುಡುಗ ಒದರೂದು ಓಣಿಗೆಲ್ಲ ಕೇಳಸ್ತದ್ರಿ. ಯಾರಿಗೆ ಗೊತ್ತಿಲ್ಲ? ಇಲ್ಲೀದು ಮುಚ್ಚಿದ್ರ ಇವನ್ನ ಎಲ್ಲಿಗೆ ಒಯ್ಯೂಣು?"

ಒಳಗಿನಿಂದ ಮಾಲತೇಶ ಹೇಳಿದ: "ಬಸ್ಸಿನ್ಯಾಗ ಎಲ್ಲಾರೂ ನನ್ನ ಬಗ್ಗೆನ ಮಾತಾಡ್ತಾರಪ್ಪಾ. ಇಲ್ಲೇ ಆದ್ರ ನಡಕೋತ ಬರ್ತೇನಿ."

ಮರುದಿನ ಬೀರಲಿಂಗಪ್ಪನೇ ಮಗನನ್ನು ಬಜಾರದ ನಡುವೆ ಕರೆದುಕೊಂಡು ಹೋದ. ಚಹಾದಂಗಡಿಯ ಮೌಲಾಸಾಬ ಕೇಳಿದ, "ಎಲ್ಲಿಗೆ ಹೊಂಟೀರಿ?"

"ದವಾಖಾನಿಗೆ. ಮಗಗ ಇಂಜೆಕ್ಷನ್ ಐತಿ."

"ಬರೂಮುಂದ ಚಹಾ ಕುಡದು ಹೋಗ್ರಿ," ಎಂದ ಮೌಲಾಸಾಬ. ಅಷ್ಟೇ.

ಸಭೆಯ ದಿನ ಬೀರಲಿಂಗಪ್ಪ ಹೊಲಕ್ಕೆ ಹೋಗಲಿಲ್ಲ. "ನೀ ಹೋಗು, ಇವನ ಜೋಡಿ ನಾ ಇರ್ತೇನಿ," ಎಂದ. ಹಾವೇರಿಯಲ್ಲಿ ದುರಗವ್ವನನ್ನು ಸದಸ್ಯೆಯಾಗಿ ಸೇರಿಸಿಕೊಂಡರು. ಕೇಂದ್ರ ಮುಚ್ಚುವ ಮಾತು ಬಂದಾಗ ಅವಳು ಕುಳಿತಲ್ಲಿಂದಲೇ ಹೇಳಿದಳು.

"ಕಾಯಿಲೆ ಇಲ್ಲಂತಲ್ರಿ. ಮಂದಿ ನಾಚಿಕಿ ಆಗಿ ಬರಲಿಲ್ಲ. ನಾನೂ ಬರಲಿಲ್ಲ. ಕೇಂದ್ರದ ಬಾಗಲಾ ಬಜಾರಕ್ಕ ಐತಿ, ಹಿಂದಿನ ಬಾಗಲಾ ತೆಗೀರಿ. ಮನಿಮನಿಗೆ ಹೋಗಿ ನಾ ಹೇಳ್ತೇನಿ."

ಬಹಳ ಹೊತ್ತು ಮಾತಾಯಿತು. ಕೊನೆಗೆ ಮುಚ್ಚುವುದನ್ನು ಒಂದು ವರ್ಷ ಮುಂದೂಡಿದರು. ಮನೆಯ ಕಷ್ಟ ಇದರಿಂದ ಮುಗಿಯಲಿಲ್ಲ. ಆದರೆ ಮಾಲತೇಶನ ಇಂಜೆಕ್ಷನ್ ಆಮೇಲೆ ತಪ್ಪಿಲ್ಲ.

ಓದುವವರೇ, ನಿಮ್ಮ ಊರಿನಲ್ಲೂ ಇಂಥ ಸಂಸ್ಥೆ ಇರಬಹುದು. ಅದರ ಮಂಡಳಿಗೆ ಓದಿದವರು ಬೇಕು. ಮನೆಯಲ್ಲಿ ಕಾಯಿಲೆ ಕಂಡವರೂ ಬೇಕು, ಗುಣವಾದವರೂ ಬೇಕು. ಹೋಗಿ, ಜಾಗ ಇದೆಯೇ ಎಂದು ಕೇಳಿ. ಒಂದು ಸಭೆಗೆ ಕುಳಿತು ನೋಡಿ. ದಣಿದಿದ್ದರೆ ದಣಿದೇ ಬನ್ನಿ. ಅಲ್ಲಿ ಕುಳಿತವರಲ್ಲಿ ಬಹಳ ಜನ ಹಾಗೆಯೇ ಬಂದವರು.