ಎಡಗೈಯ ನುಣುಪು

ಗುಡ್ಡದ ತುದಿಯಲ್ಲಿ, ಕರೆಂಟಿನ ಕಂಬವೂ ಹತ್ತಲು ಒಲ್ಲೆನೆಂದ ಜಾಗದಲ್ಲಿ, ಮಣ್ಣಕ್ಕ ಕಟ್ಟಿದ ಪ್ರವಾಸಿಗರ ಕೇಂದ್ರ ಅವತ್ತು ಬಾಗಿಲು ತೆರೆಯಿತು. ಮೊಳದಪ್ಪದ ಮಣ್ಣಿನ ಗೋಡೆ. ಫ್ಯಾನಿಲ್ಲ, ಎಸಿ ಇಲ್ಲ. ಹಿಂದೆ ಬಂಡೆಯ ನೆರಳಿನಲ್ಲೊಂದು ಮೋಟುಗೋಡೆ, ಅದರಲ್ಲೊಂದು ಕಿಂಡಿ. ಅಲ್ಲಿ ಹೊಕ್ಕ ಗಾಳಿ ನೆಲದಡಿಯ ಕೊಳವೆಯಲ್ಲಿ ತಣ್ಣಗಾಗಿ ಹಜಾರಕ್ಕೆ ಬರಬೇಕು, ಬಿಸಿಗಾಳಿ ಮಾಡಿನ ಚಿಮಣಿಯಿಂದ ಹೊರಗೆ ಹೋಗಬೇಕು. ಈ ಲೆಕ್ಕ ಅವಳದು. ಗೋಡೆ ಎಬ್ಬಿಸಿದ್ದು ಅವಳೂ ಅವಳಣ್ಣನೂ ಸೇರಿ. ಹಜಾರ ತಂಪಾಗಿದ್ದರೆ ಇಂಥವೇ ಇನ್ನಷ್ಟು ಕಟ್ಟಡ ಅವಳ ಕೈಗೆ, ಇಲ್ಲವಾದರೆ ಜನರೇಟರ್ ಬರುತ್ತದೆ, ಅವಳಿಗೆ ಮತ್ತೆ ಕೆಲಸವಿಲ್ಲ ಎಂದು ಕೆಲಸ ಕೊಟ್ಟ ಇಲಾಖೆಯ ಸಾಹೇಬರು ಮೊದಲೇ ಹೇಳಿದ್ದರು.

ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮನೇಲಿ ಮಾತ್ರ ಮದ್ದೇ ಎಂದು ಅಣ್ಣ ಕಂಡವರೆದುರೆಲ್ಲ ತಂಗಿಯನ್ನು ಹೊಗಳುತ್ತಿದ್ದ. ಗಾರೆಯವನಾಗಿದ್ದ ಅಪ್ಪ ಹೋದ ಮೇಲೆ ಅವಳ ಕೈಗೆ ಕರಣೆ ಕೊಟ್ಟು ಗೋಡೆ ಕೆಲಸ ಕಲಿಸಿದವನೂ ಅವನೇ. ಅವನೆಂದರೆ ಅವಳಿಗೆ ಪ್ರಾಣ.

ಅವತ್ತು ನೋಡಿದರೆ ಹಜಾರ ಕುದಿಯುತ್ತಿತ್ತು. ಬಂದವರು ಆಮಂತ್ರಣ ಪತ್ರದಲ್ಲೇ ಗಾಳಿ ಬೀಸಿಕೊಂಡರು. ಸಾಹೇಬರು ಬೆವರೊರೆಸುತ್ತ ಇದೇನಯ್ಯಾ ಎಂದು ಅಣ್ಣನನ್ನು ಕೇಳಿದರು. ಅವನು ನೆಲ ನೋಡುತ್ತ, ನಾನು ಆಗಲೇ ಬೇಡವೆಂದಿದ್ದೆ, ಇವಳದೇ ಹಠ, ತಂಗಿಯಲ್ಲವೇ ಅಂತ ಸುಮ್ಮನಿದ್ದೆ ಎಂದುಬಿಟ್ಟ. ಅವನು ಒಂದು ದಿನವೂ ಬೇಡವೆಂದವನಲ್ಲ! ಜನರೇಟರ್ ತರಿಸುತ್ತೇನೆಂದು ಹೇಳಿ ಸಾಹೇಬರು ಜೀಪಿನ ಕಡೆ ನಡೆದರು.

ಅವಳು ಬಂಡೆಯ ಹತ್ತಿರ ಓಡಿದಳು. ಕಿಂಡಿಯೇ ಇರಲಿಲ್ಲ. ಅದಿದ್ದ ಕಡೆ ಗೋಡೆಯದೇ ಬಣ್ಣದ ಮಣ್ಣು ಮೆತ್ತಿತ್ತು, ಇನ್ನೂ ಹಸಿ. ಅಂಗೈ ಇಟ್ಟಳು. ಎಲ್ಲೂ ಒಂದು ಗೀರಿಲ್ಲ. ಈ ನುಣುಪು ಬರುವಂತೆ ಕೊನೆಗೆ ಎಡಗೈ ಬೆರಳುಗಳ ಬೆನ್ನಿನಿಂದ ತೀಡಿ ಮುಗಿಸುವುದು ಅಪ್ಪನ ವರಸೆ, ಅದು ಇಳಿದು ಬಂದದ್ದು ಎಡಚನಾದ ಅಣ್ಣನಿಗೊಬ್ಬನಿಗೇ. ಕಳ್ಳಕೆಲಸವನ್ನೂ ಒರಟಾಗಿ ಬಿಡಲು ಆ ಪುಣ್ಯಾತ್ಮನ ಕೈ ಒಪ್ಪಿರಲಿಲ್ಲ.

ಹಿಂದೆಯೇ ಅಣ್ಣ ಹಾರೆ ಹಿಡಿದು ಬಂದ. ಅವಳು ಯಾಕೆಂದು ಕೇಳಿದಳು.

"ಹೋದಲ್ಲೆಲ್ಲ ನನ್ನನ್ನ ಮಣ್ಣಕ್ಕನ ಅಣ್ಣ ಅಂತಾರೆ. ಕಲಿಸಿದ್ದು ನಾನು ಕಣೇ. ಒಂದ್ಸಲ ನೀನು ಸೋತ್ರೆ ಸಾಕು ಅನ್ನಿಸ್ತು," ಎಂದ ಅವನು. ಈಗಲೇ ಒಡೆದುಬಿಡುತ್ತೇನೆ, ನಾಳೆ ತಂಪಾಗುತ್ತೆ, ಯಾರಿಗೂ ಹೇಳಬೇಡ ಎಂದು ಗೋಗರೆದ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅವಳು ಕೈ ಚಾಚಿ ಹಾರೆ ಕಿತ್ತುಕೊಂಡಳು.

"ಇಷ್ಟು ನುಣ್ಣಗೆ ಯಾಕೆ ಮೆತ್ತಿದೆ ನೀನು, ಅಣ್ಣಾ? ಒರಟಾಗಿ ಬಿಟ್ಟಿದ್ರೆ ಬೇರೆ ಯಾರೋ ಅಂದ್ಕೋತಿದ್ದೆ."

ಹಾರೆ ಅವನ ಕೈಗೆ ಸಿಗದಂತೆ ಹಿಡಿದುಕೊಂಡು, ಜೀಪು ಹತ್ತುತ್ತಿದ್ದ ಸಾಹೇಬರನ್ನು ಅವಳು ಮುಚ್ಚಿದ ಕಿಂಡಿ ನೋಡಲು ಬನ್ನಿ ಎಂದು ಕೂಗಿ ಕರೆದಳು.